ಅಮಾವಾಸ್ಯೆ ಡಾಕ್ಟ್ರು

ನಮ್ಮ ಹೋಟೆಲಿನಲ್ಲಿ ಗಿರಾಕಿಗಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ನಡೆಯುವುದಿಲ್ಲ. ಹೈಕೋರ್ಟಿನ ವಕೀಲರು 'ಕಡಕ್ ಚಾ', ಸಾಂಬಾರನ್ನು ಬೇರೆ ಬಟ್ಟಲಲ್ಲಿ ಕೇಳುವ ಎದುರಿನ ಬ್ಯಾಂಕಿನ ಮ್ಯಾನೇಜರು 'ಸಾಂಬಾರ್ ಅಲಗ್'. ಏನು ತಿನ್ನುತ್ತಾರೋ ಅದೇ ಹೆಸರು. ಮುಂಬಯಿ ಫೋರ್ಟಿನ ಈ ಗಲ್ಲಿಯಲ್ಲಿ ತಿಂಡಿಯಿಂದಲ್ಲದೆ ಬೇರೆ ಕಾರಣಕ್ಕೆ ಹೆಸರು ಗಳಿಸಿದವರು ಒಬ್ಬರೇ, ಅಮಾವಾಸ್ಯೆ ಡಾಕ್ಟ್ರು. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡ ಸುದ್ದಿಯನ್ನು ಅವರ ಹೆಂಡತಿ ಫೋನಿನಲ್ಲಿ ಹೇಳಿದಾಗ ನಾನು ಗಲ್ಲಾದ ಮೇಲಿದ್ದೆ. ಒಳಗೆ ಹೋಗಿ ಅಡಿಗೆ ಭಟ್ಟರಿಗೆ ತಿಳಿಸಿದೆ. ಭಟ್ಟರು ಕಾವಲಿಯ ಮುಂದೆ ನಿಂತೇ ಇದ್ದರು. ಅವರ ಕೈಯಲ್ಲಿ ದೋಸೆ ಕರಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ಹೆಸರು ಹೇಗೆ ಬಂತೆಂದರೆ, ಮೊದಲ ಸಲ ಹೋಟೆಲಿಗೆ ಕಾಲಿಟ್ಟಾಗ ಅವರು ಕೇಳಿದ್ದು ಇಡ್ಲಿಯನ್ನಲ್ಲ, ಗೋಡೆಯ ಮೇಲಿದ್ದ ಪಂಚಾಂಗದ ಕ್ಯಾಲೆಂಡರನ್ನು. ಅಮಾವಾಸ್ಯೆ ಯಾವತ್ತು, ಹುಣ್ಣಿಮೆ ಯಾವತ್ತು ಎಂದು ಬೆರಳಿಟ್ಟು ನೋಡಿದರು, ಆಮೇಲೆ ಕೂತು ತಿಂದರು. ತಿಂಗಳು ತಿಂಗಳೂ ಇದೇ. ಭಟ್ಟರು ದೂರದಿಂದ ನೋಡಿ, "ಅವ್ರು ಭಾರೀ ನೇಮದವ್ರು ಮಾರಾಯ್ರೆ, ಅಮಾವಾಸ್ಯೆ ಬಿಡ್ಲಿಕ್ಕಿಲ್ಲ" ಎಂದು ತೀರ್ಮಾನಿಸಿಬಿಟ್ಟರು. ಅಷ್ಟಕ್ಕೇ ಬಿಟ್ಟರೆ ಅವರು ಭಟ್ಟರೇ ಅಲ್ಲ. ಅಮಾವಾಸ್ಯೆ ಹುಣ್ಣಿಮೆ ಬಂದರೆ ಆ ಮೇಜಿಗೆ ನೀರುಳ್ಳಿ ಇಲ್ಲದ ಸಾಂಬಾರು, ನೀರುಳ್ಳಿ ಇಲ್ಲದ ಪಲ್ಯ, ಬೇರೆಯೇ ಪಾತ್ರೆಯಲ್ಲಿ. ಆ ಮನುಷ್ಯ ತಿಂಗಳುಗಟ್ಟಲೆ ಚಕಾರವೆತ್ತದೆ ಅದನ್ನು ಉಂಡರು. ಕೊನೆಗೊಂದು ದಿನ ನನ್ನ ಹತ್ತಿರ ಬಂದು, ನೀರುಳ್ಳಿಯ ರೇಟು ಅಮಾವಾಸ್ಯೆಗೇ ಏಕೆ ಏರುತ್ತದೆ ಎಂದು ಬಹಳ ಸಂಕೋಚದಿಂದ ವಿಚಾರಿಸಿದರು. ಅವರು ನೋಡುತ್ತಿದ್ದದ್ದು ಸಮುದ್ರದ ಇಳಿತವನ್ನು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನೀರು ತೀರ ಕೆಳಗಿಳಿದು, ಉಳಿದ ದಿನ ಮುಳುಗಿರುವ ಬಂಡೆಗಳು ಬೆಳಗಿನ ಹೊತ್ತು ಇಲ್ಲವೇ ಸಂಜೆ ಹೊರಗೆ ಬರುತ್ತವೆ. ಆ ಬಂಡೆಗಳ ಮೇಲಿನ ಪಾಚಿಯನ್ನು ಓದುವುದೇ ಅವರ ಕಸುಬು. ನಮ್ಮ ಹೋಟೆಲಿನಿಂದ ನಡೆದುಹೋಗುವಷ್ಟು ದೂರದ ಒಂದು ಕಾಲೇಜಿನಲ್ಲಿ ಅವರು ಸಮುದ್ರಪಾಚಿಯ ಪ್ರೊಫೆಸರು. ವಿಷಯ ತಿಳಿದ ಮೇಲೂ ಭಟ್ಟರು ಸೋಲಲಿಲ್ಲ. ಏನೇ ಆಗಲಿ ಅಮಾವಾಸ್ಯೆ ಅಮಾವಾಸ್ಯೆಯೇ ಎಂದು ನೀರುಳ್ಳಿ ಹಾಕಲು ಕೊನೆಯವರೆಗೂ ಒಪ್ಪಲಿಲ್ಲ. ಡಾಕ್ಟ್ರೂ ಒತ್ತಾಯಿಸಲಿಲ್ಲ.

ಅವರು ಗದಗದ ಕಡೆಯವರು. ತಂದೆ ದರ್ಜಿ. ಸಮುದ್ರವನ್ನು ಮೊದಲು ಕಂಡದ್ದು ಓದಲು ಮುಂಬಯಿಗೆ ಬಂದ ಮೇಲೆ, ಚರ್ಚ್‌ಗೇಟಿನಲ್ಲಿ ಇಳಿದು, ಹೆಗಲ ಮೇಲೆ ಟ್ರಂಕು ಇಟ್ಟುಕೊಂಡೇ. ಈಜು ಬರುತ್ತಿರಲಿಲ್ಲ, ಕೊನೆಗೂ ಬರಲಿಲ್ಲ. ಎಲ್ಲಿಯ ಮಾಮರ, ಎಲ್ಲಿಯ ಕೋಗಿಲೆ! ನಾನಾದರೋ ಮಲ್ಪೆಯ ಹತ್ತಿರದವನು, ಅಂಬೆಗಾಲಿಟ್ಟದ್ದೇ ಮರಳಿನ ಮೇಲೆ. ನಮಗೆ ಸಮುದ್ರವೆಂದರೆ ಮೀನು, ಪಾಚಿಯೆಂದರೆ ಬಲೆಗೆ ಸಿಕ್ಕಿಕೊಳ್ಳುವ ದರಿದ್ರ. ಒಂದು ದಿನ ಅದನ್ನು ಅವರೆದುರು ಕಳೆ ಎಂದುಬಿಟ್ಟೆ. ಅವರಿಗೆ ಕೋಪ ಬರುತ್ತಿದ್ದದ್ದು ಅಪರೂಪ, ಅವತ್ತು ಬಂತು. ಕಳೆಯೆಂದರೆ ಯಾರಿಗೂ ಬೇಡದ್ದು, ಇದು ಏಡಿಗೆ ಮನೆ, ಮೀನುಮರಿಗೆ ತೊಟ್ಟಿಲು, ನೀವು ಮಾರುವ ಬಂಗುಡೆ ಫ್ರೈ ಎಲ್ಲಿಂದ ಬಂತು ಅಂದುಕೊಂಡಿರಿ ಎಂದು ಜಾಡಿಸಿದರು. ನಮ್ಮದು ಶುದ್ಧ ಸಸ್ಯಾಹಾರಿ ಹೋಟೆಲು ಎಂದು ನೆನಪಿಸಿದ ಮೇಲೆ ನಕ್ಕರು.

ಇಬ್ಬರ ಮನೆಯೂ ಗೋರೆಗಾಂವಿನಲ್ಲೇ. ಹಾಗಾಗಿ ಒಂದೇ ಲೋಕಲಿನಲ್ಲಿ ಹೋಗಿಬರುವ ದೋಸ್ತಿ ಬೆಳೆಯಿತು. ಒಂದು ಚಳಿಗಾಲದ ಸಂಜೆ ನನ್ನನ್ನು ಎಳೆದುಕೊಂಡು ಉಪನಗರದ ಒಂದು ಬಂಡೆದಡಕ್ಕೆ ಹೋದರು. ಆ ದಡದ ಹೆಸರು ಬೇಡ, ಅಲ್ಲಿಯವರಿಗೆ ಈಗಾಗಲೇ ತಲೆನೋವು ಸಾಕಷ್ಟಿದೆ. ಮೇಲೆ ರಸ್ತೆ, ರಸ್ತೆಯ ಬದಿ ವಡಾಪಾವ್ ಗಾಡಿ, ಪಕ್ಕದಲ್ಲೇ ಗಟಾರದ ಬಾಯಿ. ಇಂಥಲ್ಲಿ ನೋಡುವುದು ಎಂಥದು ಎಂದು ನನಗೆ. ಕೆಳಗಿಳಿದರೆ ಕಲ್ಲುಗಳ ಮೇಲೆ ಹಸಿರು ಹಾಳೆ, ಕಂದು ಬೀಸಣಿಗೆ, ಕೂದಲಿನಷ್ಟು ಸಣ್ಣ ಕೆಂಪು ಎಳೆ, ಅದರ ಸಂದಿಯಲ್ಲೆಲ್ಲ ಹರಿದಾಡುವ ಜೀವ. ಅವರು ಒಂದು ಕಲ್ಲನ್ನು ಎತ್ತಿ ಅಡಿಯಲ್ಲಿದ್ದ ಏಡಿಯನ್ನು ತೋರಿಸಿದರು, ಆಮೇಲೆ ಕಲ್ಲನ್ನು ಅದೇ ಜಾಗದಲ್ಲಿ, ಅದೇ ಮಗ್ಗುಲಲ್ಲಿ, ಮಗುವನ್ನು ಮಲಗಿಸಿದ ಹಾಗೆ ಇಟ್ಟರು. ಬೇರೊಬ್ಬರ ಮನೆಯ ಬಾಗಿಲು ತೆಗೆದವರು ಮುಚ್ಚಿ ಬರಬೇಕಂತೆ. ಆಮೇಲೆ ಗಮನಿಸಿದೆ, ನಮ್ಮ ಹೋಟೆಲಿನಲ್ಲೂ ಅವರು ಎದ್ದುಹೋದ ಮೇಲೆ ಕುರ್ಚಿ, ಲೋಟ, ಚಟ್ನಿಯ ಬಟ್ಟಲು ಎಲ್ಲ ಮೊದಲಿದ್ದಲ್ಲೇ ಇರುತ್ತಿದ್ದವು. ಇದರಿಂದೆಲ್ಲ ಏನು ಉಪಯೋಗ ಎಂದು ಯಾರಾದರೂ ಕೇಳಿದರೆ ಅವರದು ಒಂದೇ ಉತ್ತರ, ಏಡಿಯನ್ನು ಕೇಳಿ.

ಇಡ್ಲಿ ಬಟ್ಟೆಯ ಪ್ರಕರಣವನ್ನು ಹೇಳದಿದ್ದರೆ ಭಟ್ಟರು ನನ್ನನ್ನು ಬಿಡುವುದಿಲ್ಲ. ಪಾಚಿಯನ್ನು ಕಾಯಮ್ಮಾಗಿ ಉಳಿಸಬೇಕಾದರೆ ನೀರಿನ ತಟ್ಟೆಯಲ್ಲಿ ತೇಲಿಬಿಟ್ಟು, ಅಡಿಯಿಂದ ದಪ್ಪ ಕಾಗದವನ್ನು ಮೆಲ್ಲಗೆ ಎತ್ತಿ, ಮೇಲೆ ತೆಳು ಬಟ್ಟೆ ಹೊದೆಸಿ, ಭಾರ ಹೇರಿ ಒಣಗಿಸಬೇಕು. ಹೊಸ ಬಟ್ಟೆಯಾದರೆ ಎಳೆಯ ಗುರುತು ಬೀಳುತ್ತದೆ. ಎಷ್ಟೋ ಕಾಲ ಹಬೆಯಲ್ಲಿ ಬೆಂದು ಮೆತ್ತಗಾದ ಇಡ್ಲಿ ಬಟ್ಟೆಯಂಥದ್ದು ಭೂಮಂಡಲದಲ್ಲಿಲ್ಲ ಎಂಬುದು ಅವರ ಸಂಶೋಧನೆ. ಹಳೆಯದನ್ನು ನಾನು ಕೊಡುತ್ತಿದ್ದೆ. ಭಾರಕ್ಕೆ, ಗ್ರೈಂಡರ್ ಬಂದ ಮೇಲೆ ಮೂಲೆ ಸೇರಿದ್ದ ನಮ್ಮ ರುಬ್ಬುಗುಂಡೂ ಅವರ ಲ್ಯಾಬಿಗೆ ಹೋಯಿತು. ಬಟ್ಟೆ ಕೊಟ್ಟದ್ದಲ್ಲ, ಎರವಲು ಎಂದುಕೊಂಡ ಆ ಪುಣ್ಯಾತ್ಮರು ಒಂದು ಸಂಜೆ ಎಲ್ಲವನ್ನೂ ಒಗೆದು ಮಡಚಿ ತಂದು, ಅಡಿಗೆಮನೆಯ ಬಟ್ಟೆಗಳ ಜೊತೆಗೇ ಇಟ್ಟುಹೋದರು. ಮರುದಿನ ಆಫೀಸಿನ ರಶ್ಶಿನಲ್ಲಿ ತಟ್ಟೆಗೆ ಬಂದ ಇಡ್ಲಿಗಳ ಬೆನ್ನ ಮೇಲೆಲ್ಲ ನಸುಗೆಂಪು ಗರಿಯ ಅಚ್ಚು. ಗುಜರಾತಿ ಗಿರಾಕಿಯೊಬ್ಬ ಇದು ಸ್ಪೆಶಲ್ ಇಡ್ಲಿಯೋ ಎಂದು ಕೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು, ಡಾಕ್ಟ್ರನ್ನು ಕರೆಸಿದೆ. ಅವರು ಇಡ್ಲಿಯನ್ನು ಬೆಳಕಿಗೆ ಹಿಡಿದು, ಲ್ಯಾಟಿನಿನಲ್ಲಿ ಏನೋ ಹೆಸರು ಹೇಳಿ, ನಡುನರ ಎಷ್ಟು ಚೆನ್ನಾಗಿ ಮೂಡಿದೆ ನೋಡಿ ಎಂದು ನನಗೇ ತೋರಿಸಿದರು. ಕ್ಷಮೆ ಕೇಳಬೇಕೆಂಬುದು ಅವರಿಗೆ ಹೊಳೆದದ್ದು ಮಧ್ಯಾಹ್ನದ ಮೇಲೆ.

ಡಾಕ್ಟರೆಂದು ಕರೆಯುತ್ತಿದ್ದುದರಿಂದ ನಮ್ಮ ಹುಡುಗರು ಮಂಡಿನೋವಿಗೆ ಔಷಧಿ ಕೇಳುತ್ತಿದ್ದದ್ದೂ ಉಂಟು. ಗದರುತ್ತಿರಲಿಲ್ಲ, ಕೂರಿಸಿಕೊಂಡು ಎಲ್ಲ ಕೇಳಿ, ಯಾವ ಆಸ್ಪತ್ರೆಗೆ ಹೋಗಬೇಕೆಂದು ಹೇಳಿಕಳಿಸುತ್ತಿದ್ದರು. ಅವರು ಗದರುತ್ತಿದ್ದದ್ದು ಒಂದೇ ವಿಷಯಕ್ಕೆ. ಮಳೆಗಾಲದಲ್ಲಿ ಯಾವ ವಿದ್ಯಾರ್ಥಿಯೂ ಬಂಡೆಗೆ ಇಳಿಯಕೂಡದು. ಹಿಂದೊಮ್ಮೆ ಜುಲೈಯಲ್ಲಿ ಒಂದು ಅಲೆ ಬಂದು ಅವರ ವಿದ್ಯಾರ್ಥಿನಿಯನ್ನು ಕಲ್ಲಿಗೆ ಅಪ್ಪಳಿಸಿ ತೋಳು ಮುರಿದಿತ್ತು. ದಾದರಿನ ಮರಾಠಿ ಹುಡುಗಿ, ಬಲು ಚುರುಕು. ಈಜು ಬಾರದ ಡಾಕ್ಟ್ರು ಕುತ್ತಿಗೆವರೆಗಿನ ನೀರಿಗಿಳಿದು ಅವಳ ಜಡೆ ಹಿಡಿದು ಎಳೆದಿದ್ದರಂತೆ. ಅಂದಿನಿಂದ ಜೂನಿನಿಂದ ಸೆಪ್ಟೆಂಬರಿನ ತನಕ ಸಮುದ್ರಕ್ಕೆ ಬಾಗಿಲು ಬಂದ್. ತಾವೂ ಇಳಿಯುತ್ತಿರಲಿಲ್ಲ. ಮಳೆಯಲ್ಲಿ ಹೇಗೂ ಕಲ್ಲೆಲ್ಲ ಬೋಳು, ಏನೂ ಬೆಳೆಯುವುದಿಲ್ಲ ಎಂದು ಅವರ ಶಾಸ್ತ್ರದವರೂ ಒಪ್ಪಿದ್ದರು.

ಅವರಿಗೆ ಹೆಸರು ತಂದದ್ದು ಒಂದು ಪ್ರಬಂಧ. ಬಹಳ ಹಿಂದಿನ ಸಂಶೋಧಕರು ಆ ದಡದಲ್ಲಿ ಒಂದು ಕೆಂಪು ಪಾಚಿಯನ್ನು ಕಂಡೆವೆಂದು ಬರೆದಿದ್ದರು. ಯಾವ ತಿಂಗಳೆಂದು ಬರೆದಿರಲಿಲ್ಲ. ಡಾಕ್ಟ್ರು ಚಳಿಗಾಲದ ಮೇಲೆ ಚಳಿಗಾಲ ಹುಡುಕಿ, ಕಾಣದೆ, ನಗರದ ಕೊಳಕಿಗೆ ಅದು ಅಳಿದುಹೋಯಿತು ಎಂದು ಬರೆದರು. ಆ ಬರಹವನ್ನು ದೇಶವಿದೇಶದವರು ಉದ್ಧರಿಸಿದರು, ಪೇಪರಿನಲ್ಲಿ ಫೋಟೋ ಬಂತು. ತೋಳು ಮುರಿದ ಆ ಹುಡುಗಿ ಅದರ ಮೇಲೆಯೇ ತನ್ನ ಥೀಸಿಸ್ ಕಟ್ಟಿ ಈಗ ತಾನೂ ಪ್ರೊಫೆಸರಾಗಿದ್ದಾಳೆ. ನಮ್ಮ ಗೋರೆಗಾಂವಿನ ಕನ್ನಡ ಸಂಘದವರು ಶಾಲು ಹೊದೆಸಿ ಸನ್ಮಾನ ಮಾಡಿದಾಗ ಡಾಕ್ಟ್ರು ಎದ್ದುನಿಂತು, ಸಾವಿನ ಸುದ್ದಿ ತಂದವನಿಗೆ ಶಾಲು ಹೊದೆಸಿದ್ದು ನೀವೇ ಮೊದಲು ಎಂದಿದ್ದರು.

ಅವರು ರಿಟೈರಾದ ವರ್ಷವೇ ಆ ದಡಕ್ಕೆ ಗಂಡಾಂತರ ಬಂತು. ಬಂಡೆಗಳ ಮೇಲೆ ಕಾಂಕ್ರೀಟು ಸುರಿದು ಜಾಗಿಂಗ್ ಟ್ರ್ಯಾಕ್, ಫೋಟೋ ತೆಗೆಸಿಕೊಳ್ಳುವ ಕಟ್ಟೆ, ದೀಪದ ಸಾಲು ಮಾಡುವ ಯೋಜನೆ. ಜನರ ಅಹವಾಲು ಕೇಳುವ ಸಭೆಗೆ ದಿನವೂ ಗೊತ್ತಾಯಿತು. ಯೋಜನೆಯವರು ತಮ್ಮ ವರದಿಯಲ್ಲಿ ದೊಡ್ಡದಾಗಿ ಎತ್ತಿಹಿಡಿದದ್ದು ಡಾಕ್ಟ್ರ ಪ್ರಬಂಧವನ್ನೇ. ಇಲ್ಲಿ ಇದ್ದ ವಿಶೇಷವೆಲ್ಲ ಸತ್ತುಹೋಗಿದೆಯೆಂದು ಇಂಥ ವಿದ್ವಾಂಸರೇ ಬರೆದಿದ್ದಾರೆ, ಇನ್ನು ಉಳಿಸುವುದೇನು ಎಂದು. ಡಾಕ್ಟ್ರು ಅದನ್ನು ಓದಿದ ದಿನ ನಮ್ಮಲ್ಲಿ ಬಂದು ಕೂತರು, ಮುಂದಿಟ್ಟ ಕಾಫಿ ಮುಟ್ಟಲಿಲ್ಲ. ಉಳಿಸಬೇಕೆಂದು ಬರೆದದ್ದೇ ಹೂಳಲು ಗುದ್ದಲಿಯಾಯಿತಲ್ಲ ಎಂದು ಒಮ್ಮೆ ಹೇಳಿದರು. ಅವರನ್ನು ಅಷ್ಟು ಸೋತವರ ಹಾಗೆ ನಾನು ಕಂಡಿರಲಿಲ್ಲ.

ಶ್ರಾವಣದ ಹುಣ್ಣಿಮೆಗೆ ಇಲ್ಲಿ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವುದಿದೆ. ನನ್ನಪ್ಪ ಊರಲ್ಲೂ ಮಾಡುತ್ತಿದ್ದರು, ನಾನೂ ತಪ್ಪಿಸುವುದಿಲ್ಲ. ಆ ವರ್ಷ, ಸಭೆಗೆ ಕೆಲವೇ ದಿನ ಇರುವಾಗ, ಡಾಕ್ಟ್ರ ಮನಸ್ಸಿಗೂ ಸ್ವಲ್ಪ ಗಾಳಿಯಾಡಲಿ ಎಂದು ಅವರನ್ನೂ ಕರೆದುಕೊಂಡು ಆ ದಡಕ್ಕೇ ಹೋದೆ. ಸಂಜೆಯ ಇಳಿತ, ಜಡಿಮಳೆ. ಅವರು ತಮ್ಮ ನಿಯಮದಂತೆ ಮೇಲೆ ರಸ್ತೆಯ ಕಟ್ಟೆಯ ಹತ್ತಿರವೇ ಕೊಡೆ ಹಿಡಿದು ನಿಂತರು. ನಾನು ಕಾಯಿ ಹಿಡಿದು ಕೆಳಗಿಳಿದೆ. ಸಮುದ್ರದ ಮಗ ಎಂಬ ಜಂಬ ಬೇರೆ. ಮೇಲ್ಗಡೆಯ ಬಂಡೆಗೆ ಕಾಲಿಟ್ಟದ್ದೇ ತಡ, ದಢಾರನೆ ಬಿದ್ದೆ. ಕಾಯಿ ಒಂದು ಕಡೆ, ಕನ್ನಡಕ ಒಂದು ಕಡೆ, ಸೊಂಟ ಮತ್ತೊಂದು ಕಡೆ. ಡಾಕ್ಟ್ರು ಕೊಡೆ ಬಿಸಾಡಿ ಓಡಿಬಂದರು. ಎಂಥ ಸ್ನೇಹ ಎಂದು ಕೈ ಚಾಚಿದೆ. ಅವರು ನನ್ನ ಕೈ ಹಿಡಿಯಲಿಲ್ಲ. ನನ್ನ ಚಪ್ಪಲಿಗೆ ಅಂಟಿದ್ದ ಏನನ್ನೋ ನೋಡಿದರು, ಆಮೇಲೆ ನಾನು ಜಾರಿದ ಕಲ್ಲನ್ನು. ಅದರ ಮೇಲೆ ನೇರಳೆಗೆಂಪಿನ ತೆಳು ಹಾಳೆಗಳು ಒದ್ದೆಯಾಗಿ ಮೆತ್ತಿಕೊಂಡಿದ್ದವು. ಆಚೆಯ ಕಲ್ಲಿನ ಮೇಲೂ, ಅದರಾಚೆಯದರ ಮೇಲೂ. ಡಾಕ್ಟ್ರು ಆ ಮಳೆಯಲ್ಲಿ ಕಲ್ಲಿನ ಮೇಲೆಯೇ ಕುಕ್ಕರುಗಾಲಲ್ಲಿ ಕೂತು ಅದರ ಮೇಲೆ ಅಂಗೈ ಇಟ್ಟರು. ನಾನೇ ಹೇಗೋ ಎದ್ದೆ.

ಅದೇ ಪಾಚಿ. ಮಳೆ ಬಿದ್ದ ಮೇಲೆ ಮೂಡಿ, ಮಳೆ ನಿಂತ ಮೇಲೆ ಮಾಯವಾಗುವಂಥದ್ದು. ಯಾರೂ ಹೋಗಬಾರದೆಂದು ಅವರೇ ಬಾಗಿಲು ಹಾಕಿದ್ದ ತಿಂಗಳುಗಳಲ್ಲಿ ಪ್ರತಿವರ್ಷ ಅದು ಬಂದುಹೋಗುತ್ತಿತ್ತು.

ಸುದ್ದಿ ಕೇಳಿ ಅವರ ಹಳೆಯ ವಿದ್ಯಾರ್ಥಿನಿ ಮರುದಿನವೇ ಹೋಟೆಲಿಗೆ ಓಡಿಬಂದಳು. ಕಣ್ಣಲ್ಲಿ ಸಂತೋಷ, ಹಿಂದೆಯೇ ಹೆದರಿಕೆ. ಗುರುಗಳಿಗೆ ಅವಳೊಂದು ಉಪಾಯ ಹೇಳಿದಳು. ಸಭೆಯಲ್ಲಿ ನಿಂತು, ಅಳಿದಿದ್ದ ಪಾಚಿ ಮರಳಿ ಬಂದಿದೆ ಎಂದರೆ ಸಾಕು. ದಡವೂ ಉಳಿಯುತ್ತದೆ, ಪ್ರಬಂಧವೂ ಉಳಿಯುತ್ತದೆ, ಅವಳ ಥೀಸಿಸೂ ಉಳಿಯುತ್ತದೆ. ತಪ್ಪಾಗಿ ಬರೆದಿದ್ದೆ ಎಂದು ಬಾಯಿಬಿಟ್ಟರೆ ಎದುರಿನವರು, ಹಾಗಾದರೆ ಈ ಮನುಷ್ಯನ ಈಗಿನ ಮಾತನ್ನು ಮಾತ್ರ ಯಾಕೆ ನಂಬಬೇಕು ಎಂದು ಹಿಡಿದುಕೊಳ್ಳುತ್ತಾರೆ, ಎಲ್ಲವೂ ಮುಳುಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನನಗಂತೂ ಬಹಳ ಸರಿಯೆನಿಸಿತು, ಹಾಗೆಂದು ಹೇಳಿದೆ ಕೂಡ. ಡಾಕ್ಟ್ರು ಅವಳಿಗೆ ಮಸಾಲೆದೋಸೆ ತರಿಸಿ, ಅವಳು ತಿಂದು ಮುಗಿಸುವ ತನಕ ಕಾದು, ಮರಾಠಿಯಲ್ಲಿ ಒಂದೇ ಮಾತು ಕೇಳಿದರು, ಅವರ ಗದಗದ ಕನ್ನಡಕ್ಕೆ ತಂದರೆ ಹೀಗೆ.

"ಹೋಗೇ ಇಲ್ಲದ್ದು ಮರಳಿ ಬಂತು ಅಂತ ಹ್ಯಾಂಗ ಹೇಳ್ಲಿ ತಂಗಿ?"

ಸಭೆ ಪರೇಲಿನ ಒಂದು ಹಾಲಿನಲ್ಲಿ. ನಾನು ಗಲ್ಲಾವನ್ನು ತಮ್ಮನಿಗೆ ಒಪ್ಪಿಸಿ ಹೋಗಿದ್ದೆ. ಯೋಜನೆಯ ವಕೀಲರು ಪ್ರಬಂಧದ ಸಾಲನ್ನು ಓದಿ, ಇದು ನಿಮ್ಮದೇ ಬರಹವೇ ಎಂದು ಕೇಳಿದರು. ಹೌದು, ನನ್ನದೇ, ಅದು ತಪ್ಪು ಎಂದರು ಡಾಕ್ಟ್ರು. ಹಾಲಿನಲ್ಲಿ ಗುಜುಗುಜು ಎದ್ದಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ವಿದ್ಯಾರ್ಥಿನಿ ತಲೆ ತಗ್ಗಿಸಿದಳು. ವಕೀಲರು ಬಿಡುತ್ತಾರೆಯೇ? ಸಕ್ಕರೆಯಂಥ ದನಿಯಲ್ಲಿ, ಅಂದು ಇಲ್ಲ ಎಂದಿರಿ, ಇಂದು ಇದೆ ಎನ್ನುತ್ತೀರಿ, ಸುಳ್ಳು ಹೇಳಿದ್ದು ಅಂದೋ ಇಂದೋ ಎಂದು ಕೇಳಿದರು. ಜನ ನಕ್ಕರು. ನನಗೆ ಎದ್ದುಹೋಗಿ ಆ ವಕೀಲರ ಕೋಟು ಹಿಡಿಯಬೇಕೆನಿಸಿತು. ಡಾಕ್ಟ್ರು ನಿಧಾನವಾಗಿ ನೀರು ಕುಡಿದರು, ಲೋಟವನ್ನು ಇದ್ದ ಜಾಗದಲ್ಲಿಟ್ಟರು. ಆಮೇಲೆ ಅವರು ಮರಾಠಿಯಲ್ಲಿ ಹೇಳಿದ್ದು ಇಷ್ಟು: "ಅದು ಅಲ್ಲೇ ಇತ್ತು. ನಾನು ಇರಲಿಲ್ಲ."

ಮಳೆಗಾಲದಲ್ಲಿ ತಾನು ಅಲ್ಲಿಗೆ ಹೋಗಲಿಲ್ಲ, ಬೇರೆಯವರನ್ನೂ ಬಿಡಲಿಲ್ಲ, ನೋಡದೆಯೇ ಇಲ್ಲವೆಂದು ಬರೆದೆ ಎಂದು ಬಿಡಿಸಿ ಹೇಳಿದರು. ನನ್ನ ಮಾತನ್ನು ನಂಬಬೇಡಿ, ಒಮ್ಮೆ ಕೆಟ್ಟಿದೆ, ಮುಂದಿನ ಅಮಾವಾಸ್ಯೆಯ ಸಂಜೆ ನೀವೇ ಬಂದು ನೋಡಿ ಎಂದು ಸಭೆ ನಡೆಸುತ್ತಿದ್ದ ಅಧಿಕಾರಿಣಿಗೆ ಕೈಮುಗಿದರು. ಅಮಾವಾಸ್ಯೆ ಎಂದಾಗ ಇನ್ನೊಮ್ಮೆ ನಗೆ ಎದ್ದಿತು. ಆ ಹೆಂಗಸು ಮಾತ್ರ ನಗಲಿಲ್ಲ, ದಿನ ಬರೆದುಕೊಂಡರು.

ಅವರು ಬಂದರು. ಸಲ್ವಾರು ಮಡಚಿ, ಡಾಕ್ಟ್ರ ಕೈ ಹಿಡಿದು ಬಂಡೆಗಿಳಿದು ತಮ್ಮ ಕಣ್ಣಿಂದಲೇ ನೋಡಿದರು. ಆದೇಶ ಬಂದದ್ದು ಮಾತ್ರ ಈ ಬೇಸಿಗೆಯಲ್ಲಿ, ಡಾಕ್ಟ್ರು ಹೋದ ಮೇಲೆ. ಟ್ರ್ಯಾಕು ಬಂಡೆಗಳಿಗಿಂತ ಮೊದಲೇ ತಿರುಗಿ ರಸ್ತೆಗೆ ಏರುತ್ತದೆ, ಬಂಡೆಗಳು ಇದ್ದ ಹಾಗೆಯೇ ಇರುತ್ತವೆ. ತಮ್ಮ ತಪ್ಪನ್ನು ಡಾಕ್ಟ್ರು ತಮ್ಮ ಶಾಸ್ತ್ರದ ಪತ್ರಿಕೆಯಲ್ಲೂ ಅಚ್ಚುಹಾಕಿಸಿ ಹೋದರು, ಹೆಸರಿಗೆ ಬಿದ್ದ ಪೆಟ್ಟು ಬಿದ್ದೇ ಬಿತ್ತು. ವಿದ್ಯಾರ್ಥಿನಿ ಕೆಲವು ಕಾಲ ಅವರ ಜೊತೆ ಮಾತು ಬಿಟ್ಟಿದ್ದಳು. ಈಗ ಅವಳು ಮಳೆಗಾಲದಲ್ಲೂ ಹುಡುಗರನ್ನು ಸೊಂಟಕ್ಕೆ ಹಗ್ಗ ಕಟ್ಟಿ ಕರೆದೊಯ್ಯುತ್ತಾಳೆ.

ಸಭೆ ಮುಗಿದ ಆ ಸಂಜೆ ಇದಾವುದೂ ನಮಗೆ ಗೊತ್ತಿರಲಿಲ್ಲ. ಎಲ್ಲ ಮುಳುಗಿತೆಂದೇ ನನ್ನ ಲೆಕ್ಕ. ದಾದರಿನಲ್ಲಿ ಲೋಕಲು ಹತ್ತಿದೆವು, ಕೂರಲು ಜಾಗವಿಲ್ಲ, ಒಬ್ಬರ ಮೇಲೊಬ್ಬರು ನಿಂತಿದ್ದೆವು. ನನ್ನ ಸಿಟ್ಟು ಇಳಿದಿರಲಿಲ್ಲ. ಅಷ್ಟು ಜನರೆದುರು ಸುಳ್ಳ ಅನ್ನಿಸಿಕೊಂಡಿರಲ್ಲ, ಆ ಹುಡುಗಿ ಹೇಳಿದ ಹಾಗೆ ಮರಳಿ ಬಂದಿದೆ ಎಂದು ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು, ಯಾರಿಗೆ ಗೊತ್ತಾಗುತ್ತಿತ್ತು ಮಾರಾಯ್ರೆ ಎಂದು ಜಗಳವನ್ನೇ ತೆಗೆದೆ. ಅವರು ಮೇಲಿನ ಹಿಡಿಕೆಗೆ ಜೋತುಬಿದ್ದು ಎಲ್ಲವನ್ನೂ ಕೇಳಿಸಿಕೊಂಡರು.

"ಅದಕ್ಕ ಗೊತ್ತಾಗತಿತ್ತಲ್ರಿ" ಎಂದರು.

ತಮಾಷೆಯೆಂದುಕೊಂಡು ನಾನು ನಕ್ಕೆ. ಅವರು ನಗುತ್ತಿರಲಿಲ್ಲ.

"ವರ್ಷಾ ವರ್ಷಾ ಅದು ಮಳ್ಯಾಗ ತನ್ನ ಪಾಡಿಗೆ ತಾ ಬೆಳದೈತಿ. ನಾ ಊರ ತುಂಬ ಅದು ಸತ್ತೈತಿ ಅಂತ ಹೇಳಕೋತ ತಿರಗೀನಿ, ಶಾಲು ಹೊದಿಸ್ಕೊಂಡೀನಿ. ಇವತ್ತರ ಅದರ ಪರವಾಗಿ ಒಂದು ಖರೇ ಮಾತು ಆಡಬ್ಯಾಡೇನ್ರಿ?"

ಜೋಗೇಶ್ವರಿ ದಾಟಿತ್ತು. ಇಳಿಯುವವರೆಲ್ಲ ಬಾಗಿಲಿಗೆ ನೂಕುತ್ತಿದ್ದರು. ಆ ನೂಕುನುಗ್ಗಲಿನ ನಡುವೆ, ಕಲ್ಲಿಗೆ ಅಂಟಿದ ಒಂದು ಪಾಚಿಯ ಮಾತಿಗೆ, ದಿನವೆಲ್ಲ ಗಲ್ಲಾದ ಮೇಲೆ ಕೂರುವ ನನಗೆ ಅಳು ಬಂದುಬಿಟ್ಟಿತು.